ಗಡಿಯ ಕಲಿಕೆ ಮತ್ತು ಶಂಕರ ಭಟ್ಟರ ವ್ಯಾಕರಣ

ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಬ್ಬಿಸಿದ ಚರ್ಚೆ ಬಹುಮಟ್ಟಿಗೆ ಸಂಸ್ಕೃತ-ಕನ್ನಡ ಸಂಬಂಧದ ಸುತ್ತಲೇ ನಡೆದಿದೆ. ರಾಯದುರ್ಗ, ಮಡಕಶಿರಗಳ ಕನ್ನಡ ಮಗುವಿನ ನಿತ್ಯದ ಎದುರುಭಾಷೆಯಾದರೋ ತೆಲುಗು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿಯೂ, 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀಸತ್ಯಸಾಯಿ ಜಿಲ್ಲೆಗೆ ಒಳಪಟ್ಟಿರುವ ಮಡಕಶಿರದಲ್ಲಿಯೂ ಕನ್ನಡ ಅನೇಕರ ಮನೆಮಾತು. ಆಡಳಿತದ ಭಾಷೆ ತೆಲುಗು. ಅಲ್ಲಿ ನಿಂತು ಓದಿದಾಗ ಭಟ್ಟರ ವಾದದ ಬಲವೂ ಮಿತಿಯೂ ಬೇರೆಯಾಗಿ ಕಾಣುತ್ತವೆ.

ಬಲ ಸ್ಪಷ್ಟವಾಗಿದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ವಾಕ್ಯಕ್ಕೆಂದೇ ಮೀಸಲಾದುದು ಒಂದೂ ಇಲ್ಲ, ಶಾಲಾ ವ್ಯಾಕರಣವೂ ಸಂಧಿ-ಸಮಾಸಗಳಲ್ಲೇ ಹೆಚ್ಚು ತಂಗುತ್ತದೆ. ಆದರೆ ‘ಕನ್ನಡದ್ದೇ’ ಎಂಬ ಒತ್ತು ಗಡಿಯಲ್ಲಿ ಸಾಲದು. ಪದಕ್ರಮವನ್ನು ಮಗು ಎರಡೂ ಭಾಷೆಗಳಿಂದ ಹೊತ್ತೇ ತಂದಿರುತ್ತದೆ: ‘ಅವನು ಬರುತ್ತೇನೆಂದು ಹೇಳಿದ’ ಎಂಬುದಕ್ಕೂ ‘ವಾಡು ವಸ್ತಾನನಿ ಚೆಪ್ಪಾಡು’ ಎಂಬುದಕ್ಕೂ ಕಟ್ಟು ಒಂದೇ. ತೊಡಕಿರುವುದು ಕ್ರಿಯಾಪದದ ಕೊನೆಯಲ್ಲಿ. ‘ಅವಳು ಬಂದಳು’, ‘ಅದು ಬಂದಿತು’ ಎಂದು ಕನ್ನಡ ಬೇರ್ಪಡಿಸಿದರೆ, ತೆಲುಗಿನಲ್ಲಿ ಎರಡಕ್ಕೂ ‘ವಚ್ಚಿಂದಿ’. ಬಹುವಚನಕ್ಕೆ ಬಂದರೆ ಹೆಂಗಸರು ಗಂಡಸರೊಡನೆ ಸೇರಿ ‘ವಚ್ಚಾರು’ ಆಗುತ್ತಾರೆ. ಅಲ್ಲಿ ಎರಡು ಭಾಷೆಗಳೂ ಮತ್ತೆ ಒಂದಾಗುತ್ತವೆ. ಹಾಗೆಯೇ ಕನ್ನಡದ ಒಂದು ‘ನಾವು’ ತೆಲುಗಿನಲ್ಲಿ, ಕೇಳುಗನನ್ನು ಒಳಗೊಂಡ ‘ಮನಂ’ ಮತ್ತು ಒಳಗೊಳ್ಳದ ‘ಮೇಮು’ ಎಂದು ಎರಡಾಗುತ್ತದೆ. ಕನ್ನಡವನ್ನಷ್ಟೇ ವಿವರಿಸುವ ವ್ಯಾಕರಣಕ್ಕೆ ಇವುಗಳನ್ನು ಎತ್ತಿ ಹೇಳುವ ಕಾರಣವೇ ಇಲ್ಲ, ಏಕೆಂದರೆ ಕನ್ನಡದೊಳಗೆ ಇವು ಸಮಸ್ಯೆಗಳಲ್ಲ.

ಕಾಗುಣಿತದ ಪ್ರಶ್ನೆ ಇನ್ನೂ ಗಂಭೀರ. ಬಹುಜನರ ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣಗಳನ್ನು ಬರೆಹದಿಂದ ಬಿಡಬೇಕು, ‘ಷ’ವನ್ನು ‘ಶ’ ಮಾಡಬೇಕು ಎಂಬುದು ಭಟ್ಟರ ಸಲಹೆ. ಕಲಿಯುವವರ ಹೊರೆ ಇಳಿಸುವುದು ಅದರ ಉದ್ದೇಶ. ಅವರ ಉಚ್ಚಾರಣೆಯ ಆಧಾರವನ್ನು ಗಡಿಯ ಹಳ್ಳಿಗಳ ಮಾತೂ ಅಲ್ಲಗಳೆಯಲಾರದು. ತೀರ್ಮಾನ ಮಾತ್ರ ಅಲ್ಲಿ ತಿರುಗುಮುರುಗಾಗುತ್ತದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ‘ವಿದ್ಯಾರ್ಥಿ’, ‘ಭಾಷೆ’, ‘ಕಥೆ’ಗಳ ಮಹಾಪ್ರಾಣವನ್ನು ಮಗು ಒಮ್ಮೆ ಕಲಿತರೆ ಎರಡೂ ಪಠ್ಯಗಳಿಗೆ ಅದು ಸಾಕು. ಕನ್ನಡ ಅದನ್ನು ಕೈಬಿಟ್ಟ ಮಾತ್ರಕ್ಕೆ ತೆಲುಗು ಬಿಡುವುದಿಲ್ಲ; ಒಂದು ಕಲಿಕೆ ಎರಡಾಗುತ್ತದೆ. (ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಲ್ಲದ ಕಾರಣ ಹೊಸೂರು, ತಾಳವಾಡಿಗಳಲ್ಲಿ ಇದೇ ಸಲಹೆ ಬೇರೆ ಫಲ ಕೊಡಬಹುದು.) ಕಲಿಯುವವನು ಎಂದರೆ ಒಂದೇ ಭಾಷೆಯನ್ನು ಓದಿ ಬರೆಯುವವನು ಎಂದು ಈ ಸುಧಾರಣೆ ತನಗರಿವಿಲ್ಲದೆಯೇ ಊಹಿಸಿಕೊಂಡಿದೆ. ಅದು ಜಾರಿಗೆ ಬಂದ ದಿನ ರಾಯದುರ್ಗದ ಹುಡುಗಿಯೊಬ್ಬಳು ಕನ್ನಡದ ಉತ್ತರಪತ್ರಿಕೆಯಲ್ಲಿ ‘ವಿದ್ಯಾರ್ತಿ’ ಎಂದು ಬರೆದರೆ ಅದು ಸರಿ. ತೆಲುಗಿನ ಉತ್ತರಪತ್ರಿಕೆಯಲ್ಲಿ ಅದೇ ‘ತ’ ತಪ್ಪು.