ಅಜ್ಜಿಯ ಗಂಜಿಗೆ ನಾಲ್ಕಕ್ಷರ

ಹಾಂಕಾಂಗಿನಲ್ಲಿದ್ದ ದಿನಗಳಲ್ಲಿ ನನಗೆ ಕ್ಯಾಂಟನೀಸ್ ಕಲಿಯುವ ಹುಚ್ಚು ಹತ್ತಿತ್ತು. ನನ್ನ ಪುಸ್ತಕದಲ್ಲಿ ನಾಲ್ಕು ಅಕ್ಷರದ ನುಡಿಗಟ್ಟುಗಳು ಸಾಲುಸಾಲಾಗಿದ್ದವು. ಹಳೆಯ ಗ್ರಾಂಥಿಕ ಚೀನೀಯಿಂದ ಬಂದ ಮಾತುಗಳು ಅವು. ಉಚ್ಚಾರ ಮಾತ್ರ ಕ್ಯಾಂಟನೀಸಿನದು. ಔದಾರ್ಯಕ್ಕೆಂದೇ ಒಂದು ಪುಟವಿತ್ತು. ‘ಹೊಂಗ್ ಖೊಯ್ ಗಾಯ್ ನೊಂಗ್’ ಎಂದರೆ ಧಾರಾಳವಾಗಿ ಹಣದ ಚೀಲ ಬಿಚ್ಚುವುದು. ಬಾಯಿಪಾಠ ಮಾಡಿಬಿಟ್ಟೆ.

ಒಮ್ಮೆ ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯ ಅಜ್ಜಿ ಬಿಸಿ ಗಂಜಿ ತಂದರು. ನಾನು ಎದ್ದು ಕುಳಿತು, ಕಲಿತದ್ದನ್ನು ಗಂಭೀರವಾಗಿ ಒಪ್ಪಿಸಿದೆ. ಅಜ್ಜಿ ಕಕ್ಕಾಬಿಕ್ಕಿಯಾದರು. ಜೊತೆಗಿದ್ದ ಸೊಸೆ ನಕ್ಕಳು: “ಚಂದಾ ಡಬ್ಬಿ ಎಲ್ಲಿದೆ ಅಂತ ಅತ್ತೆ ನೋಡ್ತಿದ್ದಾರೆ!”

ಆ ಮಾತು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ದೇಣಿಗೆಯ ಮನವಿಗಳಲ್ಲಿ, ಸಭೆಯ ಭಾಷಣಗಳಲ್ಲಿ ಅದಕ್ಕೆ ತಕ್ಕ ಪೀಠವಿದೆ. ಅದೇ ಊರಿನಲ್ಲಿ, ಅಪಹರಿಸಿ ಮಾರಲ್ಪಡುತ್ತಿದ್ದ ಹೆಂಗಸರನ್ನೂ ಹುಡುಗಿಯರನ್ನೂ ಕಾಪಾಡಲು 1878ರಲ್ಲಿ ‘ಪೊ ಲ್ಯೂಂಗ್ ಕುಕ್’ ಎಂಬ ಸಂಸ್ಥೆ ಹುಟ್ಟಿತು. ಅಂಥಲ್ಲಿ ಯಾರಾದರೂ ಚೀಲ ಬಿಚ್ಚಲೇಬೇಕು, ಬಿಚ್ಚಿದವರನ್ನು ದೊಡ್ಡ ಮಾತಿನಲ್ಲಿ ಹೊಗಳಲೂಬೇಕು.

ಆದರೆ ಅಜ್ಜಿಯ ಕೈಯಲ್ಲಿ ಚೀಲವೆಲ್ಲಿತ್ತು? ಇದ್ದದ್ದು ಗಂಜಿಯ ಬಟ್ಟಲು. ಕಷ್ಟದಲ್ಲಿ ನೆರವಾದವರಿಗೆ ‘ಹಿಮದಲ್ಲಿ ಇದ್ದಿಲು ಕಳಿಸಿದಂತೆ’ ಎಂಬ ಇನ್ನೊಂದು ನುಡಿಗಟ್ಟೂ ಇದೆ. ಅರ್ಥದಲ್ಲಿ ಹತ್ತಿರವೇ, ಆದರೂ ಹಾಸಿಗೆಯ ಪಕ್ಕ ನಿಂತವರಿಗೆ ಅದನ್ನು ಹೇಳಿದರೆ ವೇದಿಕೆಯಿಂದ ಹೇಳಿದಂತಾಗುತ್ತದೆ.

ಕ್ಯಾಂಟನೀಸಿನ ನಿಜವಾದ ಸೂಕ್ಷ್ಮ ಇರುವುದು ಅದರ ಸಣ್ಣ ಮಾತುಗಳಲ್ಲಿ. ಬಾಗಿಲು ಹಿಡಿದವರಿಗೆ, ಚಹಾ ಬಗ್ಗಿಸಿದವರಿಗೆ ‘ಮ್‌ಗೊಯ್’. ಉಡುಗೊರೆ ಕೊಟ್ಟವರಿಗೆ ‘ದೊಜೆ’. ಮಾಡಿದ ಉಪಕಾರ ಬೇರೆ, ಕೊಟ್ಟ ವಸ್ತು ಬೇರೆ ಎಂದು ಆ ಭಾಷೆ ದಿನಕ್ಕೆ ಹತ್ತು ಸಲ ಗುರುತಿಸುತ್ತದೆ. ನಮ್ಮ ‘ಧನ್ಯವಾದ’ಕ್ಕೆ ಆ ವಿವೇಚನೆ ಇಲ್ಲ.

ಬೇರೆಯವರ ದುಡ್ಡಿನಲ್ಲಿ ಧಾರಾಳಿಯಾಗುವವನನ್ನು ಹಂಗಿಸಲೂ ಚೀನೀಯರಲ್ಲೊಂದು ಗ್ರಾಂಥಿಕ ಮಾತುಂಟು. ನಾವು ‘ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ’ ಅನ್ನುವುದಿಲ್ಲವೇ, ಹಾಗೆ. ಅಂದು ನಾನು ಮಾಡಿದ್ದೂ ಅದೇ. ಶತಮಾನಗಳ ಹಿಂದಿನವರು ಕೂಡಿಟ್ಟ ಮಾತನ್ನು ಖರ್ಚುಮಾಡಿ, ನನ್ನ ಕಲಿಕೆಯನ್ನು ಮೆರೆಸಿದ್ದೆ.

ನಮ್ಮ ಮಹಿಳಾ ಸಮಾಜಗಳಲ್ಲಿ ಯಾರಾದರೂ ‘ಕೊಡುಗೈ ದಾನಿ’ ಎಂದು ಭಾಷಣ ಶುರುಮಾಡಿದಾಗ ಅದು ನೆನಪಾಗುತ್ತದೆ. ಅಡುಗೆಮನೆಯಲ್ಲಿ ಬಡಿಸುತ್ತಿರುವವಳನ್ನು ಆ ಬಿರುದಿನಿಂದ ಯಾರೂ ಕರೆಯುವುದಿಲ್ಲ.

ಮರುದಿನ ಬಟ್ಟಲು ತೊಳೆದು ಹಿಂದಿರುಗಿಸುವಾಗ ‘ದೊಜೆ’ ಎಂದಷ್ಟೇ ಹೇಳಿದೆ. ಅಜ್ಜಿ ಹಣೆ ಮುಟ್ಟಿ ನೋಡಿ, ಒಳಗೆ ಕರೆದರು.