ಆಟಿಕೆಯ ಎಂಜಿನ್ನಿಗೆ ಗರಗಸ

ಅಮೆರಿಕದ ಲಯನೆಲ್ ಕಂಪನಿ 1947ರಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ‘ಜಿಜಿ1’ ವಿದ್ಯುತ್ ಎಂಜಿನ್ನನ್ನು ಆಟಿಕೆಯಾಗಿ ಹೊರತಂದಿತು. ಅಸಲಿನ ಉದ್ದ 79 ಅಡಿ 6 ಅಂಗುಲ. 48ರಲ್ಲೊಂದು ಪಾಲಿಗೆ ಇಳಿಸಿದರೆ ಸುಮಾರು 20 ಅಂಗುಲ. ಆಟಿಕೆ ಅದಕ್ಕಿಂತ ಬಹಳ ಗಿಡ್ಡ. ಈ ಕೊರತೆ ನೀಗಲೆಂದು ಎರಡು ಹಳೆಯ ಕವಚಗಳನ್ನು ಕೊಯ್ದು ಒಂದಾಗಿ ಬೆಸೆಯುವ ಹವ್ಯಾಸಿಗಳಿದ್ದಾರೆ. ಕೈಚಳಕವೇನೋ ಮೆಚ್ಚತಕ್ಕದ್ದೇ. ಮಾಸಿದ ಹಸಿರು ಬಣ್ಣ ತಿದ್ದಿ, ಐದು ಹೊನ್ನಗೆರೆ ಎಳೆದು, ಕಂಪನಿಯ 2332 ಅಳಿಸಿ 4800ರಂಥ ನಿಜವಾದ ನಂಬರು ಬರೆಯುವವರ ಮೇಲೆ ನಮ್ಮ ತಕರಾರಿಲ್ಲ. ಗರಗಸಕ್ಕೆ ಮಾತ್ರ ನಾವು ಒಪ್ಪೆವು. ಆ ಗಿಡ್ಡತನ ತಯಾರಕರ ಅಜ್ಞಾನವಲ್ಲ. ಮಕ್ಕಳು ನೆಲದ ಮೇಲೆ ಜೋಡಿಸುವ 31 ಅಂಗುಲ ವ್ಯಾಸದ ಹಳಿಯಲ್ಲಿ ಎಂಜಿನ್ನು ತಿರುಗಬೇಕಿತ್ತು. ಉದ್ದವಾದದ್ದಕ್ಕೆ ಆ ತಿರುವು ಒಗ್ಗದು. ಇಷ್ಟಾಗಿಯೂ ಅದು ಸಾಮಾನ್ಯವಾಗಿ ಓಡುವುದು ನಡುವಣ ಮೂರನೆಯ ಹಳಿಯ ವಿದ್ಯುತ್ತಿನಿಂದಲೇ; ಅಸಲಿನ ‘ಜಿಜಿ1’ಕ್ಕೆ ವಿದ್ಯುತ್ತು ಬರುತ್ತಿದ್ದುದು ಮೇಲಿನ ತಂತಿಯಿಂದ.