ವೀರಗಾನದ ಒಂದು ಆದ್ಯಕೃತಿ

ಕವಿಯ ಪ್ರೌಢಕೃತಿಯು ಪ್ರಸಿದ್ಧಿಗೆ ಬಂದ ಬಳಿಕ ಆತನ ಮೊದಲ ಕೃತಿಯನ್ನು ಲೋಕವು ಮರೆಯುವುದು ಸಹಜವು. ಶಾಕುಂತಲವನ್ನು ಬಲ್ಲವರು ನೂರು ಮಂದಿಯಿದ್ದರೆ ಮಾಲವಿಕಾಗ್ನಿಮಿತ್ರವನ್ನು ಓದಿದವರು ಹತ್ತು ಮಂದಿ ಸಿಕ್ಕುವುದು ಕಷ್ಟ. ಕಾಳಿದಾಸನ ಮೊದಲ ನಾಟಕವೆಂದು ಪಂಡಿತರು ಎಣಿಸುವ ಆ ಕೃತಿಯ ಪ್ರಸ್ತಾವನೆಯಲ್ಲಿಯೇ, ಭಾಸಾದಿಗಳಿರುವಾಗ ಹೊಸಬನಿಗೇಕೆ ಆದರವೆಂಬ ಆಕ್ಷೇಪವನ್ನೆತ್ತಿ, ಪರೀಕ್ಷೆಯಿಂದಲೇ ಗುಣದೋಷಗಳನ್ನು ನಿರ್ಣಯಿಸಬೇಕೆಂಬ ಸಮಾಧಾನವನ್ನು ಕವಿಯು ಹೇಳಿಸಿರುವನು. ನಮ್ಮ ಮನೆಗಳಲ್ಲಿ ಹಿರಿಯರು ‘ಗದ್ದಲ’ವೆಂಬ ಒಂದೇ ಮಾತಿನಿಂದ ತಳ್ಳಿಬಿಡುವ ಒಂದು ಪಾಶ್ಚಾತ್ಯ ಗಾನಪ್ರಕಾರಕ್ಕೂ ಈ ನ್ಯಾಯವನ್ನು ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶವು.

‘ಪವರ್ ಮೆಟಲ್’ ಎಂದು ತರುಣರು ಕರೆಯುವ ಈ ಪ್ರಕಾರವು 1980ರ ದಶಕದಲ್ಲಿ ಮುಖ್ಯವಾಗಿ ಜರ್ಮನಿಯಲ್ಲಿ ರೂಪುಗೊಂಡಿತು. ವಿದ್ಯುತ್ ಗಿಟಾರುಗಳ ತೀವ್ರನಾದ, ದ್ರುತಲಯದ ಭೇರೀವಾದನ, ತಾರಸ್ಥಾಯಿಯ ಗಾಯನ, ಪುರಾಣಸದೃಶವಾದ ವೀರಕಥೆ ಇವೇ ಇದರ ಅಂಗಗಳು. ಕ್ರೇಫೆಲ್ಡ್ ನಗರದ ‘ಬ್ಲೈಂಡ್ ಗಾರ್ಡಿಯನ್’ ಮೇಳವು 1988ರಲ್ಲಿ ಹೊರತಂದ ಪ್ರಥಮ ಧ್ವನಿಮುದ್ರಣವು ‘ಬೆಟಾಲಿಯನ್ಸ್ ಆಫ್ ಫಿಯರ್’ ಎಂಬುದು. ಹಾನ್ಸಿ ಕ್ಯೂರ್ಷ್, ಆಂದ್ರೆ ಓಲ್ಬ್ರಿಷ್, ಮಾರ್ಕುಸ್ ಸೀಪನ್, ಥಾಮಸ್ ಷ್ಟೌಖ್ ಎಂಬ ನಾಲ್ವರೂ ಆಗ ಇಪ್ಪತ್ತರ ಆಸುಪಾಸಿನ ತರುಣರು. ಕ್ಯೂರ್ಷನು ಆಗ ಹಾಡುವುದಲ್ಲದೆ ಮಂದ್ರ ಗಿಟಾರನ್ನೂ ತಾನೇ ನುಡಿಸುತ್ತಿದ್ದನು. ಭಾಗವತರು ತಾಳ ಹಿಡಿದು ಪದ ಹೇಳುವುದು ಇಲ್ಲಿ ನೆನಪಿಗೆ ಬರುವುದು.

ಕೃತಿಯ ಹೆಸರಿನಲ್ಲಿ ‘ಭಯದ ಸೇನೆಗಳು’ ಎಂಬ ಅರ್ಥವಿದೆ. ಆದರೆ ಇದರ ಸ್ಥಾಯಿಭಾವವು ಭಯವೆಂದು ತಿಳಿದರೆ ತಪ್ಪಾಗುವುದು. ಭರತಮುನಿಯು ವೀರಕ್ಕೆ ಉತ್ಸಾಹವನ್ನೂ ಭಯಾನಕಕ್ಕೆ ಭಯವನ್ನೂ ಸ್ಥಾಯಿಯೆಂದು ವಿಭಾಗಿಸಿರುವನು. ಮೊದಲ ಗೀತವಾದ ‘ಮೆಜೆಸ್ಟಿ’ಯನ್ನು ತೆಗೆದುಕೊಳ್ಳೋಣ. ಏಳು ನಿಮಿಷಗಳಿಗೆ ಮೀರಿದ ಈ ಗೀತಕ್ಕೆ ಆಧಾರವು ಟೋಲ್ಕಿನ್ ಪಂಡಿತನು 1954-55ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯು. ಶತ್ರುಗಳು ಬೆನ್ನಟ್ಟಿದ ಅಲ್ಪಶಕ್ತನ ಅವಸ್ಥೆಯು ಇಲ್ಲಿದ್ದರೂ, ಲಯವು ಎಲ್ಲಿಯೂ ಕುಗ್ಗದೆ ಮುಂದಕ್ಕೇ ನುಗ್ಗುವುದು. ಭಯವು ಸಂಚಾರಿಯಾಗಿ ಬಂದು ಹೋಗುವುದೇ ಹೊರತು ನೆಲೆ ನಿಲ್ಲುವುದಿಲ್ಲ. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯುವಿನ ಪ್ರವೇಶಕ್ಕೆ ಚೆಂಡೆಯ ಪೆಟ್ಟು ಏರುವಾಗ ನಮ್ಮ ಎದೆಯಲ್ಲಿ ಆಗುವುದೂ ಇದೇ ಅಲ್ಲವೆ? ಆ ನಾದವನ್ನು ಅಂಬಲಪಾಡಿಯಲ್ಲಿ ಯಾರೂ ಗದ್ದಲವೆನ್ನುವುದಿಲ್ಲ.

ಈ ಭೇದಕ್ಕೆ ಕಾರಣವೇನು? ಚೆಂಡೆಯ ಅಬ್ಬರದಲ್ಲಿ ಭಾಗವತರ ಪದವು ಪೂರ್ಣವಾಗಿ ಕೇಳಿಸದಿದ್ದರೂ ಪ್ರೇಕ್ಷಕನಿಗೆ ಕಥೆಯು ಕರಗತವಾಗಿರುವುದು. ಆಲಂಬನವಿಭಾವವು ಮನಸ್ಸಿನಲ್ಲಿ ಸಿದ್ಧವಾಗಿರುವುದರಿಂದ ನಾದವು ಉದ್ದೀಪನವಾಗಿ ಪರಿಣಮಿಸುವುದು. ಕ್ರೇಫೆಲ್ಡಿನ ಗಾನವನ್ನು ಕೇಳುವ ನಮ್ಮ ಗೃಹಸ್ಥನಿಗಾದರೋ ಕಥೆಯೇ ತಿಳಿಯದು. ಆದುದರಿಂದ ಉದ್ದೀಪನವು ಮಾತ್ರ ಉಳಿದು, ಆಲಂಬನವಿಲ್ಲದೆ, ಬರಿಯ ಶಬ್ದವಾಗಿ ಕಿವಿಗೆ ತಾಗುವುದು. ಅರ್ಧ ದೋಷವು ಕೇಳುಗನದು, ಇನ್ನರ್ಧವು ಕೃತಿಯದೇ.

ಆ ಅರ್ಧವನ್ನೂ ಮುಚ್ಚಿಡಲಾಗದು. ಟೋಲ್ಕಿನ್ನನ ಕಥೆ, ಸ್ಟೀಫನ್ ಕಿಂಗನ ಭೀಕರ ಕಾದಂಬರಿ, ಯೇಸುವಿನ ಮರಣ, ರೇಗನ್ ಕಾಲದ ಅಮೆರಿಕದ ಯುದ್ಧಸನ್ನಾಹ ಇವೆಲ್ಲವೂ ಇದರಲ್ಲಿ ಒಂದರ ಪಕ್ಕದಲ್ಲೊಂದು ನಿಂತಿವೆ, ಏಕವಾಕ್ಯತೆಯಿಲ್ಲ. ವೇಗವು ಗುಣವೇ ಆದರೂ ವಿಶ್ರಾಂತಿಸ್ಥಾನಗಳು ವಿರಳವಾದುದರಿಂದ ಔಚಿತ್ಯಕ್ಕೆ ಭಂಗವುಂಟಾಗಿದೆ. ಮುಂದಿನ ಕೃತಿಗಳಲ್ಲಿ ಪ್ರಸಿದ್ಧವಾದ ಬಹುಕಂಠಗಳ ಮೇಳನವು ಇಲ್ಲಿ ಇನ್ನೂ ಅಂಕುರಾವಸ್ಥೆಯಲ್ಲಿರುವುದು.

ಹೀಗಿದ್ದರೂ ‘ಬೈ ದ ಗೇಟ್ಸ್ ಆಫ್ ಮೋರಿಯಾ’ ಎಂಬ ಗಾಯನರಹಿತ ಖಂಡವೊಂದೇ ಈ ತರುಣರ ಸಂಸ್ಕಾರಕ್ಕೆ ಸಾಕ್ಷಿಯಾಗಿದೆ. ಚೆಕ್ ವಾಗ್ಗೇಯಕಾರನಾದ ಡ್ವೊರ್ಜಾಕನು 1893ರಲ್ಲಿ ಅಮೆರಿಕದಲ್ಲಿದ್ದಾಗ ರಚಿಸಿದ ಒಂಬತ್ತನೆಯ ಸಿಂಫನಿಯ ಅಂತ್ಯಭಾಗದ ಸ್ವರಸಂಚಾರವನ್ನು ಇವರು ಗಿಟಾರುಗಳಿಗೆ ಅಳವಡಿಸಿರುವರು. ಗದ್ದಲವೆಬ್ಬಿಸುವುದೊಂದೇ ಉದ್ದೇಶವಾಗಿದ್ದವರಿಗೆ ಡ್ವೊರ್ಜಾಕನ ಹಂಗೇಕೆ?

ಈ ಕೃತಿಯು ಮರೆಗೆ ಸರಿದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಹ್ಯಾಂಬರ್ಗಿನ ‘ಹೆಲೋವೀನ್’ ಮೇಳವು 1987 ಮತ್ತು 1988ರಲ್ಲಿ ಎರಡು ಭಾಗಗಳಾಗಿ ಹೊರಡಿಸಿದ ‘ಕೀಪರ್ ಆಫ್ ದ ಸೆವೆನ್ ಕೀಸ್’ ಆಗ ಈ ಪ್ರಕಾರದ ಆದರ್ಶವಾಗಿದ್ದಿತು. ಅದರ ನೆರಳಿನಲ್ಲಿ ಹೊಸಬರನ್ನು ಕಂಡವರು ಕಡಮೆ. ಬಳಿಕ ಇವರದೇ ‘ನೈಟ್‌ಫಾಲ್ ಇನ್ ಮಿಡ್ಲ್ ಅರ್ತ್’ 1998ರಲ್ಲಿ ಬಂದು ಹಳೆಯದನ್ನು ಮರೆಸಿತು. ಅದರಲ್ಲಿ ಟೋಲ್ಕಿನ್ನನ ಒಂದೇ ಕಥಾಸಮುಚ್ಚಯವನ್ನು ಆಶ್ರಯಿಸಿ, ಗೀತಗಳ ನಡುವೆ ಗದ್ಯದ ಮಾತುಗಳನ್ನಿಟ್ಟು ಕಥೆಯನ್ನು ನಡೆಸಿರುವರು; ಪದದ ಬಳಿಕ ಅರ್ಥ ಹೇಳುವ ನಮ್ಮ ಕ್ರಮಕ್ಕೆ ಇದು ಸಮೀಪವಾಗಿದೆ. ಮೊದಲ ಕೃತಿಯ ಎರಡು ದೋಷಗಳಾದ ಅನೈಕ್ಯ, ಆಲಂಬನಾಭಾವ ಇವೆರಡೂ ಹತ್ತು ವರ್ಷಗಳ ತರುವಾಯ ಹೀಗೆ ಪರಿಹಾರಗೊಂಡವು. ಆದ್ಯಕೃತಿಯನ್ನು ಕೇಳದವನಿಗೆ ಆ ಸಾಧನೆಯ ಬೆಲೆಯು ತಿಳಿಯಲಾರದು.

ಇದು ಪರದೇಶದ ಸುದ್ದಿಯಷ್ಟೇ ಎಂದು ವಾಚಕರು ಭಾವಿಸಬಾರದು. ಈ ಗಾನಕುಲಕ್ಕೆ ಸೇರಿದ ಬೆಂಗಳೂರಿನ ‘ಕ್ರಿಪ್ಟೋಸ್’ ಎಂಬ ಮೇಳವು 1998ರಲ್ಲಿ ಆರಂಭವಾಗಿ, 2004ರಲ್ಲಿ ‘ಸ್ಪೈರಲ್ ಅಸೆಂಟ್’ ಎಂಬ ಪ್ರಥಮ ಕೃತಿಯನ್ನು ಹೊರತಂದು, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಹಾಡಿ ಬಂದಿತು. ನಮ್ಮ ನಾಡಿನ ಮಕ್ಕಳು ಹೊರನಾಡಿನಲ್ಲಿ ಸಭೆ ಕಟ್ಟಿದಾಗಲೂ, ಅವರು ಏನು ಮಾಡುತ್ತಿರುವರೆಂದು ನಮ್ಮ ಸಾಹಿತ್ಯಪತ್ರಿಕೆಗಳು ವಿಚಾರಿಸದಿದ್ದರೆ ಆ ನಷ್ಟವು ವಿಮರ್ಶೆಗೇ ತಟ್ಟುವುದು.

ಮನೆಯ ಹಿರಿಯರಲ್ಲಿ ವಿಜ್ಞಾಪನೆಯಿಷ್ಟೆ: ತರುಣರ ಕಿವಿಯಲ್ಲಿರುವ ಈ ಗಾನವನ್ನು ನಿಷೇಧಿಸುವ ಮೊದಲು, ಅದರ ಕಥೆಯನ್ನು ಅವರಿಂದಲೇ ಹೇಳಿಸಿಕೊಂಡು ಒಮ್ಮೆ ಕೇಳಿರಿ. ಕಥೆ ಹೇಳಬೇಕಾದಾಗ ಅವರೂ ಅದನ್ನು ಸರಿಯಾಗಿ ತಿಳಿಯಬೇಕಾಗುವುದು. ಅನಂತರವೂ ರುಚಿಸದಿದ್ದರೆ ತ್ಯಜಿಸಿರಿ. ಆ ತ್ಯಾಗಕ್ಕೆ ಒಂದು ಬೆಲೆಯಿರುವುದು. ಕೇಳದೆ ಕೊಟ್ಟ ತೀರ್ಪು ಮಾತ್ರ, ಯಾವ ಶಾಸ್ತ್ರದ ಬಲವಿದ್ದರೂ, ತೀರ್ಪೆನಿಸಲಾರದು.